ಮೈಟರ್ ಗರಗಸಕ್ಕೆ ಸಾಗಿಸಬಹುದಾದ ಸ್ಟ್ಯಾಂಡ್: ಆಯ್ಕೆಗೆ ಮುನ್ನ ಬಡಗಿ ಕುಶಲಕರ್ಮಿಗಳು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಬಡಗಿ ವೃತ್ತಿಯಲ್ಲಿ ಕೈಗರಗಸದ ಸ್ಥಾನವನ್ನು ವಿದ್ಯುತ್ ಗರಗಸಗಳು ಹಂತ ಹಂತವಾಗಿ ಪಡೆದುಕೊಂಡಿವೆ. ಬಾಗಿಲು ಮತ್ತು ಕಿಟಕಿಗಳ ಚೌಕಟ್ಟು, ಬೀಡಿಂಗ್, ರೀಪರ್ ಮುಂತಾದವುಗಳನ್ನು ನಿಗದಿತ ಕೋನದಲ್ಲಿ ಅಡ್ಡಲಾಗಿ ಕೊಯ್ಯುವ ಮೈಟರ್ ಗರಗಸವು ಇವುಗಳಲ್ಲಿ ಪ್ರಮುಖವಾದುದು. ಕೆಲಸದ ಸ್ಥಳಗಳಲ್ಲಿ ಇದನ್ನು ಸಾಮಾನ್ಯವಾಗಿ ಕಟಿಂಗ್ ಮಷಿನ್ ಎಂದು ಕರೆಯಲಾಗುತ್ತದೆ. ಸೂಕ್ತವಾದ ಬ್ಲೇಡ್ ಅಳವಡಿಸಿಕೊಂಡು ಅಲ್ಯೂಮಿನಿಯಂ ಕಿಟಕಿ ತಯಾರಿಸುವವರೂ ಇದೇ ಬಗೆಯ ಯಂತ್ರವನ್ನು ಬಳಸುತ್ತಾರೆ.

ಸಾಲ ಅಥವಾ ಸ್ವಂತ ಉಳಿತಾಯದಿಂದ ಈ ಯಂತ್ರವನ್ನು ಖರೀದಿಸುವ ಕುಶಲಕರ್ಮಿಗಳು ಅದರ ಸ್ಟ್ಯಾಂಡ್ ಬಗ್ಗೆ ಅಷ್ಟಾಗಿ ಗಮನ ಹರಿಸುವುದಿಲ್ಲ. ಯಂತ್ರವನ್ನು ನೆಲದ ಮೇಲಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಮರದ ತುದಿಯನ್ನು ಪಾದದಿಂದ ಒತ್ತಿಹಿಡಿದು ಕೊಯ್ಯುವ ರೂಢಿ ಅನೇಕ ಕಡೆಗಳಲ್ಲಿದೆ. ಇಟ್ಟಿಗೆಗಳ ಅಥವಾ ಖಾಲಿ ಡಬ್ಬಗಳ ಮೇಲೆ ಹಲಗೆಯಿಟ್ಟು ಯಂತ್ರವನ್ನು ಕೂರಿಸುವುದೂ ಉಂಟು. ಕೊಯ್ತವು ವಕ್ರವಾಗುವುದಕ್ಕೂ, ಕೈಬೆರಳುಗಳಿಗೆ ಅಪಾಯ ಒದಗುವುದಕ್ಕೂ ಇಂತಹ ವ್ಯವಸ್ಥೆಗಳು ಕಾರಣವಾಗುತ್ತವೆ. ಸ್ಟ್ಯಾಂಡ್ ಎಂಬುದು ಯಂತ್ರದ ಅಲಂಕಾರವಲ್ಲ. ಅದು ಯಂತ್ರದ ಒಂದು ಭಾಗವೆಂದೇ ಭಾವಿಸತಕ್ಕದ್ದು. ಸ್ಟ್ಯಾಂಡ್ ಆಯ್ಕೆಯ ಕ್ರಮವನ್ನೂ, ಖರೀದಿಗೆ ಸಂಬಂಧಿಸಿದಂತೆ ಲಭ್ಯವಿರುವ ಸೌಲಭ್ಯಗಳನ್ನೂ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಅಂಗಡಿಗೆ ಹೋಗುವ ಮುನ್ನ ಗುರುತು ಮಾಡಿಕೊಳ್ಳಬೇಕಾದ ಮೂರು ವಿವರಗಳು

(ಅ) ಯಂತ್ರದ ತೂಕ: ಮೈಟರ್ ಗರಗಸಗಳನ್ನು ಬ್ಲೇಡಿನ ವ್ಯಾಸದಿಂದ ಗುರುತಿಸಲಾಗುತ್ತದೆ. 10 ಅಂಗುಲ, ಅಂದರೆ ಸುಮಾರು 255 ಮಿ.ಮೀ. ಹಾಗೂ 12 ಅಂಗುಲ, ಅಂದರೆ ಸುಮಾರು 305 ಮಿ.ಮೀ. ವ್ಯಾಸದವು ಹೆಚ್ಚು ಬಳಕೆಯಲ್ಲಿವೆ. 10 ಅಂಗುಲದ ಸರಳ ಯಂತ್ರವು ಸಾಮಾನ್ಯವಾಗಿ 10 ರಿಂದ 17 ಕೆ.ಜಿ. ತೂಗುತ್ತದೆ. ಬ್ಲೇಡ್ ಇರುವ ಭಾಗವು ಹಿಂದಕ್ಕೂ ಮುಂದಕ್ಕೂ ಜಾರುವ 12 ಅಂಗುಲದ ಯಂತ್ರವು 20 ರಿಂದ 30 ಕೆ.ಜಿ. ವರೆಗೂ ತೂಗಬಹುದು. ನಿಖರವಾದ ತೂಕವನ್ನು ಯಂತ್ರದೊಂದಿಗೆ ನೀಡುವ ಕೈಪಿಡಿಯಲ್ಲಿ ನೋಡಿಕೊಳ್ಳುವುದು.

(ಆ) ಕೊಯ್ಯಬೇಕಾದ ಅತಿ ಉದ್ದನೆಯ ವಸ್ತು: ಬೀಡಿಂಗ್ ಕೆಲಸವನ್ನೇ ಮಾಡುವವರಿಗೂ, 7 ಅಡಿಯ ಬಾಗಿಲ ಚೌಕಟ್ಟು ಕೂರಿಸುವವರಿಗೂ, 12 ಅಡಿಯ ಅಲ್ಯೂಮಿನಿಯಂ ಪಟ್ಟಿ ಕೊಯ್ಯುವವರಿಗೂ ಬೇಕಾಗುವ ಆಸರೆ ಒಂದೇ ಬಗೆಯದಲ್ಲ. ಕಳೆದ ಕೆಲವು ತಿಂಗಳ ಕೆಲಸದಲ್ಲಿ ಪದೇ ಪದೇ ಬಳಸಿದ ಉದ್ದ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳಿತು. 8 ಅಡಿಗೆ 4 ಅಡಿಯ ಪೂರ್ಣ ಪ್ಲೈವುಡ್ ಹಾಳೆಯನ್ನು ಸೀಳುವುದು ಮೈಟರ್ ಗರಗಸದ ಕೆಲಸವಲ್ಲ. ಆದುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

(ಇ) ಸಾಗಣೆಯ ವಿಧಾನ: ಯಂತ್ರವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯಲಾಗುತ್ತದೆಯೇ, ಸರಕು ಆಟೋದಲ್ಲಿಯೇ, ಇಲ್ಲವೇ ಒಂದೇ ಕಟ್ಟಡದಲ್ಲಿ ತಿಂಗಳುಗಟ್ಟಲೆ ಇರಿಸಲಾಗುತ್ತದೆಯೇ ಎಂಬುದನ್ನು ಪರಿಗಣಿಸತಕ್ಕದ್ದು. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಒಬ್ಬರೇ ಹೊತ್ತೊಯ್ಯಬೇಕಾದಲ್ಲಿ ಸ್ಟ್ಯಾಂಡಿನ ತೂಕವೇ ಮುಖ್ಯ ಅಂಶವಾಗುತ್ತದೆ.

ಈ ಮೂರು ವಿವರಗಳಿಗೆ ಹೊಂದದ ಸ್ಟ್ಯಾಂಡ್ ಎಷ್ಟೇ ಬೆಲೆಬಾಳಿದರೂ ಕೊನೆಗೆ ಮೂಲೆ ಸೇರುತ್ತದೆ, ಯಂತ್ರವು ಪುನಃ ನೆಲಕ್ಕಿಳಿಯುತ್ತದೆ.

2. ಸ್ಟ್ಯಾಂಡ್‌ಗಳ ವಿಧಗಳು

ಸಾಗಿಸಬಹುದಾದ ಸ್ಟ್ಯಾಂಡ್‌ಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ಕಾಲು ಮಡಿಸುವ ಸ್ಟ್ಯಾಂಡ್: ಉದ್ದನೆಯ ಉಕ್ಕಿನ ಅಥವಾ ಅಲ್ಯೂಮಿನಿಯಂ ತೊಲೆಗೆ ನಾಲ್ಕು ಮಡಿಸುವ ಕಾಲುಗಳೂ, ಎರಡೂ ಬದಿಗೆ ಎಳೆದುಕೊಳ್ಳುವ ತೋಳುಗಳೂ ಇರುತ್ತವೆ. ಇದು ಹಗುರವಾಗಿದ್ದು, ಮೆಟ್ಟಿಲು ಹತ್ತಲು ಹಾಗೂ ಚಿಕ್ಕ ವಾಹನದಲ್ಲಿ ಇರಿಸಲು ಅನುಕೂಲಕರ. ಆದರೆ ಪ್ರತಿ ಬಾರಿಯೂ ಯಂತ್ರವನ್ನು ಕೈಯಿಂದ ಎತ್ತಿ ಮೇಲೆ ಕೂರಿಸಬೇಕಾಗುತ್ತದೆ.

(ಆ) ಚಕ್ರವುಳ್ಳ ಸ್ಟ್ಯಾಂಡ್: ಯಂತ್ರವನ್ನು ಬಿಚ್ಚದೆಯೇ ಮಡಿಸಿ, ಕೈಗಾಡಿಯಂತೆ ತಳ್ಳಿಕೊಂಡು ಹೋಗಬಹುದು. ಯಂತ್ರವನ್ನು ಎತ್ತುವ ಶ್ರಮ ತಪ್ಪುವುದರಿಂದ ಬೆನ್ನುನೋವಿಗೆ ಅವಕಾಶ ಕಡಿಮೆ. ಸಮತಟ್ಟಾದ ನೆಲದಲ್ಲಿ ಇದು ಅತ್ಯಂತ ಉಪಯುಕ್ತ. ಆದರೆ ಯಂತ್ರವೂ ಸೇರಿ ಒಟ್ಟು ತೂಕ 50 ಕೆ.ಜಿ. ದಾಟಬಹುದಾದ್ದರಿಂದ ಮೆಟ್ಟಿಲುಗಳಲ್ಲಿ ಇಬ್ಬರ ಸಹಾಯ ಬೇಕು. ಜಲ್ಲಿ, ಮರಳು ಹರಡಿದ ನಿವೇಶನದಲ್ಲಿ ಚಿಕ್ಕ ಚಕ್ರಗಳು ಹೂತುಹೋಗುತ್ತವೆ.

(ಇ) ಸ್ಥಳೀಯವಾಗಿ ಮಾಡಿಸಿದ ಸ್ಟ್ಯಾಂಡ್: ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್ ಅಥವಾ ಚೌಕ ಪೈಪಿನಿಂದ ಮಾಡಿಸುವ ಸ್ಟ್ಯಾಂಡ್‌ಗಳು ರಾಜ್ಯದ ಅನೇಕ ಕಡೆಗಳಲ್ಲಿ ಬಳಕೆಯಲ್ಲಿವೆ. ಅಳತೆ ಸರಿಯಿದ್ದಲ್ಲಿ ಇವು ಕಾರ್ಖಾನೆಯಲ್ಲಿ ತಯಾರಾದ ಸ್ಟ್ಯಾಂಡ್‌ಗಳಿಗೆ ಸರಿಸಮವಾಗಿ ಕೆಲಸ ಮಾಡುತ್ತವೆ. ಇದರ ವಿವರವನ್ನು 7ನೆಯ ಅಂಶದಲ್ಲಿ ನೀಡಲಾಗಿದೆ.

3. ಎತ್ತರ

ನಿಂತು ಕೆಲಸ ಮಾಡುವಾಗ ಮರವನ್ನು ಇರಿಸುವ ಮೇಲ್ಮೈಯು ಮೊಣಕೈ ಮಟ್ಟಕ್ಕಿಂತ 10 ರಿಂದ 15 ಸೆಂ.ಮೀ. ಕೆಳಗಿರುವುದು ಅನುಕೂಲಕರ. ಸುಮಾರು 165 ಸೆಂ.ಮೀ. ಎತ್ತರದ ವ್ಯಕ್ತಿಗೆ ಇದು ನೆಲದಿಂದ 88 ರಿಂದ 93 ಸೆಂ.ಮೀ. ಆಗುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಸ್ಟ್ಯಾಂಡಿನ ಎತ್ತರವನ್ನೇ ಕೆಲಸದ ಎತ್ತರವೆಂದು ಭಾವಿಸುವುದು. ಗರಗಸದ ಮೇಜು ಅದರ ತಳದಿಂದ ಸುಮಾರು 8 ರಿಂದ 10 ಸೆಂ.ಮೀ. ಮೇಲಿರುತ್ತದೆ. ಸ್ಟ್ಯಾಂಡಿನ ಎತ್ತರಕ್ಕೆ ಇದನ್ನು ಕೂಡಿಸಿ ನೋಡಿದಾಗ ಬರುವ ಮೊತ್ತವೇ ನಿಜವಾದ ಕೆಲಸದ ಎತ್ತರ. ಮೇಲಿನ ಉದಾಹರಣೆಯ ವ್ಯಕ್ತಿಗೆ ಸುಮಾರು 80 ಸೆಂ.ಮೀ. ಎತ್ತರದ ಸ್ಟ್ಯಾಂಡ್ ಸಾಕಾಗುತ್ತದೆ.

ಎತ್ತರ ಕಡಿಮೆಯಾದಲ್ಲಿ ಕೆಲಸಗಾರನು ದಿನವಿಡೀ ಬಗ್ಗಿ ನಿಲ್ಲಬೇಕಾಗುತ್ತದೆ ಹಾಗೂ ಮುಖವು ಬ್ಲೇಡಿನ ಮತ್ತು ಸಿಡಿಯುವ ಚೂರುಗಳ ಸಮೀಪಕ್ಕೆ ಬರುತ್ತದೆ. ಎತ್ತರ ಹೆಚ್ಚಾದಲ್ಲಿ ಹಿಡಿಕೆಯನ್ನು ಕೆಳಗೆ ಒತ್ತಲು ಭುಜವನ್ನು ಎತ್ತಬೇಕಾಗುತ್ತದೆ, ಹಿಡಿತ ಸಡಿಲವಾಗುತ್ತದೆ.

4. ಆಸರೆಯ ಮಟ್ಟ: ಎಲ್ಲಕ್ಕಿಂತ ಮುಖ್ಯವಾದ ಅಂಶ

ಸ್ಟ್ಯಾಂಡಿನ ಎರಡೂ ಬದಿಯ ತೋಳುಗಳು ಮರದ ಉಳಿದ ಭಾಗವನ್ನು ಹೊರುತ್ತವೆ. ಈ ತೋಳುಗಳ ಮೇಲಿನ ಆಸರೆಯು ಗರಗಸದ ಮೇಜಿನ ಮಟ್ಟಕ್ಕೆ ಸರಿಯಾಗಿ ಸಮನಾಗಿರತಕ್ಕದ್ದು. ಇಲ್ಲವಾದಲ್ಲಿ ಆಗುವ ಪರಿಣಾಮಗಳು ಹೀಗಿವೆ.

ಆಸರೆ ತಗ್ಗಾಗಿದ್ದಲ್ಲಿ: ಮರದ ದೂರದ ತುದಿ ಬಾಗಿ, ಬ್ಲೇಡಿನ ಬಳಿ ಮರವು ಮೇಜಿನಿಂದ ಸ್ವಲ್ಪ ಮೇಲೇಳುತ್ತದೆ. 6 ಅಡಿ ದೂರದಲ್ಲಿ ಆಸರೆಯು ಕೇವಲ 10 ಮಿ.ಮೀ. ತಗ್ಗಾಗಿದ್ದರೂ 100 ಮಿ.ಮೀ. ಎತ್ತರದ ಮರದ ಕೊಯ್ತದಲ್ಲಿ ಮೇಲಂಚಿಗೂ ಕೆಳಅಂಚಿಗೂ ಸುಮಾರು ಅರ್ಧ ಮಿ.ಮೀ. ವ್ಯತ್ಯಾಸ ಬರುತ್ತದೆ. ಇಂತಹ ಎರಡು ತುದಿಗಳನ್ನು ಜೋಡಿಸಿದಾಗ ಮೂಲೆಯಲ್ಲಿ ಸುಮಾರು 1 ಮಿ.ಮೀ. ಸಂದು ಉಳಿಯಬಹುದು. ಅದನ್ನು ಮುಚ್ಚಲು ಮರದ ಪುಡಿ ಮತ್ತು ಅಂಟಿನ ಮೊರೆಹೋಗಬೇಕಾಗುತ್ತದೆ. ಯಂತ್ರದ ಕೋನದ ಅಳತೆ ತಪ್ಪಿದೆಯೆಂದು ಅನೇಕರು ದೂರುವುದುಂಟು. ಅಂತಹ ಸಂದರ್ಭಗಳಲ್ಲಿ ಮೊದಲು ಆಸರೆಯ ಮಟ್ಟವನ್ನು ಪರೀಕ್ಷಿಸುವುದು ಸೂಕ್ತ.

ಆಸರೆ ಎತ್ತರವಾಗಿದ್ದಲ್ಲಿ: ಇದು ಹೆಚ್ಚು ಅಪಾಯಕಾರಿ. ಮರವು ಎರಡು ತುದಿಗಳ ಆಸರೆಯ ಮೇಲೆ ಸೇತುವೆಯಂತೆ ನಿಂತು, ನಡುವೆ ಮೇಜಿಗೆ ತಾಗದೆ ಉಳಿಯುತ್ತದೆ. ಬ್ಲೇಡ್ ಒಳಗಿಳಿದಂತೆ ಮರದ ನಡುಭಾಗ ಕುಸಿಯತೊಡಗಿ, ಕೊಯ್ತದ ಸೀಳು ಮೇಲ್ಭಾಗದಲ್ಲಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಆಗ ಯಂತ್ರವು ಎಗರಬಹುದು, ಅಥವಾ ಮರದ ತುಂಡು ರಭಸದಿಂದ ಚಿಮ್ಮಬಹುದು. ಆ ಕ್ಷಣದಲ್ಲಿ ಮರವನ್ನು ಹಿಡಿದ ಕೈ ಬ್ಲೇಡಿನ ಕಡೆಗೆ ಸೆಳೆಯಲ್ಪಡುವ ಸಂಭವವಿದೆ.

ಮಟ್ಟವನ್ನು ಪರೀಕ್ಷಿಸುವ ಕ್ರಮ ಸರಳವಾದುದು. ನೇರವಾಗಿರುವುದು ಖಚಿತವಾದ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಗರಗಸದ ಮೇಜಿನ ಮೇಲಿಟ್ಟು ತೋಳಿನ ಆಸರೆಯವರೆಗೆ ಚಾಚುವುದು. ಮೇಜಿನ ಬಳಿಯಾಗಲಿ, ಆಸರೆಯ ಬಳಿಯಾಗಲಿ ಬೆಳಕಿನ ಸಂದು ಕಾಣಬಾರದು. ಬಳಿಕ ಎರಡನೆಯ ತೋಳಿಗೂ ಹೀಗೆಯೇ ಮಾಡುವುದು. ರಸಮಟ್ಟವನ್ನು ಮಾತ್ರ ನಂಬುವುದು ಸಾಲದು. ಏಕೆಂದರೆ ನೆಲವೇ ಓರೆಯಾಗಿದ್ದಲ್ಲಿ ಇಡೀ ಸ್ಟ್ಯಾಂಡ್ ಓರೆಯಾಗಿರಬಹುದು. ಕೊಯ್ತಕ್ಕೆ ಬೇಕಾಗಿರುವುದು ಮೇಜು ಮತ್ತು ಆಸರೆಗಳ ಪರಸ್ಪರ ಸಮಮಟ್ಟ. ಆದ್ದರಿಂದ ಆಸರೆಯ ಎತ್ತರವನ್ನು ತಿರುಪಿನಿಂದ ಸರಿಹೊಂದಿಸಿ ಬಿಗಿಗೊಳಿಸಲು ಅವಕಾಶವಿರುವ ಸ್ಟ್ಯಾಂಡನ್ನೇ ಆರಿಸತಕ್ಕದ್ದು. ಈ ಅವಕಾಶವಿಲ್ಲದ ಸ್ಟ್ಯಾಂಡ್ ಒಂದು ಯಂತ್ರಕ್ಕೆ ಹೊಂದಿದರೂ ಮತ್ತೊಂದಕ್ಕೆ ಹೊಂದದು.

5. ತೋಳುಗಳ ಉದ್ದ ಹಾಗೂ ಭಾರ ಹೊರುವ ಸಾಮರ್ಥ್ಯ

ತೋಳು ಎಷ್ಟು ಉದ್ದವಿರಬೇಕು ಎಂಬುದಕ್ಕೆ ಒಂದು ಸುಲಭ ನಿಯಮವಿದೆ. ಬ್ಲೇಡಿನಿಂದ ಆಚೆಗೆ ಚಾಚಿರುವ ಮರದ ಮಧ್ಯಬಿಂದುವಿಗಿಂತಲೂ ಆಚೆ ಆಸರೆ ಇರಬೇಕು. 7 ಅಡಿಯ ಮರದ ತುದಿಯಲ್ಲಿ ಕೊಯ್ಯುವಾಗ ಮಧ್ಯಬಿಂದುವು ಸುಮಾರು 3.5 ಅಡಿ ದೂರದಲ್ಲಿರುತ್ತದೆ. ಆಸರೆಯು 4 ಅಡಿಗಿಂತ ಆಚೆಗಿದ್ದಲ್ಲಿ ಮರವು ತಾನಾಗಿಯೇ ನಿಲ್ಲುತ್ತದೆ. 12 ಅಡಿಯ ಪಟ್ಟಿಗೆ 6 ಅಡಿಗಿಂತ ಆಚೆ ಆಸರೆ ಬೇಕು. ಸ್ಟ್ಯಾಂಡಿನ ತೋಳು ಅಷ್ಟು ದೂರಕ್ಕೆ ಚಾಚದಿದ್ದಲ್ಲಿ, ಎತ್ತರ ಹೊಂದಿಸಬಹುದಾದ ಪ್ರತ್ಯೇಕ ಆಸರೆಗಂಬವನ್ನು ಇರಿಸಿಕೊಳ್ಳುವುದು. ಮತ್ತೊಬ್ಬರಿಂದ ತುದಿಯನ್ನು ಹಿಡಿಸುವುದು ಇದಕ್ಕೆ ಬದಲಿ ವ್ಯವಸ್ಥೆಯಲ್ಲ. ಹಿಡಿದವರ ಕೈ ಒಂದಿಷ್ಟು ಏರಿಳಿದರೂ ಮೇಲೆ ಹೇಳಿದ ಎರಡೂ ದೋಷಗಳು ಉಂಟಾಗುತ್ತವೆ.

ಭಾರದ ಲೆಕ್ಕಕ್ಕೆ ಒಂದು ಉದಾಹರಣೆ: 4 ಅಂಗುಲಕ್ಕೆ 2.5 ಅಂಗುಲದ, 7 ಅಡಿ ಉದ್ದದ ತೇಗದ ಚೌಕಟ್ಟಿನ ಮರವು ಸುಮಾರು 9 ಕೆ.ಜಿ. ತೂಗುತ್ತದೆ. 25 ಕೆ.ಜಿ. ಯಂತ್ರವೂ ಸೇರಿ 34 ಕೆ.ಜಿ. ಆಯಿತು. ಇದರ ಮೇಲೆ ಹಿಡಿಕೆಯನ್ನು ಒತ್ತುವ ಬಲ ಹಾಗೂ ಕೆಲಸಗಾರನು ಒರಗಿದಾಗ ಬೀಳುವ ಭಾರವೂ ಸೇರುತ್ತದೆ. ಆದ್ದರಿಂದ ಯಂತ್ರ ಮತ್ತು ಮರದ ಒಟ್ಟು ತೂಕದ ಕನಿಷ್ಠ ಎರಡರಷ್ಟನ್ನು ಹೊರುವ ಸ್ಟ್ಯಾಂಡ್ ಇರುವುದು ಕ್ಷೇಮ.

ಆಮದಾದ ಸ್ಟ್ಯಾಂಡ್‌ಗಳ ಮೇಲೆ ಸಾಮರ್ಥ್ಯವನ್ನು ಪೌಂಡ್‌ಗಳಲ್ಲಿ ಮುದ್ರಿಸಿರುವುದುಂಟು. 1 ಪೌಂಡ್ ಸುಮಾರು 0.45 ಕೆ.ಜಿ.ಗೆ ಸಮ. 300 ಎಂಬ ಅಂಕಿಯನ್ನು ಕಂಡು 300 ಕೆ.ಜಿ. ಎಂದು ತಿಳಿಯಬಾರದು, ಅದು ಸುಮಾರು 136 ಕೆ.ಜಿ. ಮಾತ್ರ. ಇನ್ನೊಂದು ಅಂಶವೆಂದರೆ, ಮುದ್ರಿತ ಸಾಮರ್ಥ್ಯವು ಸಾಮಾನ್ಯವಾಗಿ ಸ್ಟ್ಯಾಂಡಿನ ನಡುಭಾಗಕ್ಕೆ ಅನ್ವಯಿಸುತ್ತದೆ. ಪೂರ್ತಿ ಚಾಚಿದ ತೋಳಿನ ತುದಿಯು ಅಷ್ಟು ಭಾರವನ್ನು ಹೊರಲಾರದು. ತೋಳಿನ ಸಾಮರ್ಥ್ಯವನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳುವುದು.

6. ಯಂತ್ರವನ್ನು ಸ್ಟ್ಯಾಂಡಿಗೆ ಬಿಗಿಯುವ ವ್ಯವಸ್ಥೆ

ಗರಗಸದ ತಳದಲ್ಲಿ ನಾಲ್ಕು ಮೂಲೆಗಳಲ್ಲಿ ಬೋಲ್ಟ್ ಹಾಕುವ ತೂತುಗಳಿರುತ್ತವೆ. ಯಂತ್ರದಿಂದ ಯಂತ್ರಕ್ಕೆ ಇವುಗಳ ಅಂತರ ಬೇರೆಯಾಗಿರುತ್ತದೆ. ಎಲ್ಲ ಯಂತ್ರಗಳಿಗೂ ಹೊಂದುತ್ತದೆ ಎಂದು ಬರೆದಿದ್ದರೂ, ಸ್ವಂತ ಯಂತ್ರದ ತೂತುಗಳ ಅಂತರವನ್ನು ಅಳೆದು, ಸ್ಟ್ಯಾಂಡಿನ ಬ್ರಾಕೆಟ್‌ಗಳು ಆ ಅಂತರಕ್ಕೆ ಸರಿಯುತ್ತವೆಯೇ ಎಂದು ನೋಡುವುದು. ಸಾಧ್ಯವಾದಲ್ಲಿ ಯಂತ್ರವನ್ನೇ ಅಂಗಡಿಗೆ ಒಯ್ಯುವುದು ಉತ್ತಮ. ನಾಲ್ಕೂ ಬೋಲ್ಟ್‌ಗಳನ್ನು ಹಾಕತಕ್ಕದ್ದು. ಕರ್ಣದ ಎರಡು ಮೂಲೆಗಳಿಗೆ ಮಾತ್ರ ಹಾಕಿ ಕೆಲಸ ಆರಂಭಿಸಬಾರದು. ಅದುರುವಿಕೆಯಿಂದ ಸಡಿಲವಾಗದಂತಹ ನೈಲಾನ್ ಬಳೆಯುಳ್ಳ ನಟ್‌ಗಳು ಸೂಕ್ತ.

ಜಾರುವ ಬಗೆಯ ಯಂತ್ರವಾದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅದರ ಮೇಲ್ಭಾಗವನ್ನು ಮುಂದಕ್ಕೆ ಎಳೆದಾಗ ತೂಕವು ಮುಂಗಾಲುಗಳ ಕಡೆಗೂ, ಹಿಂದಕ್ಕೆ ತಳ್ಳಿದಾಗ ಹಿಂಗಾಲುಗಳ ಕಡೆಗೂ ಸರಿಯುತ್ತದೆ. ಕಾಲುಗಳ ನಡುವಣ ಅಗಲ ಕಡಿಮೆಯಿದ್ದಲ್ಲಿ ಸ್ಟ್ಯಾಂಡ್ ಮುಗ್ಗರಿಸಬಹುದು.

7. ಸ್ಥಳೀಯವಾಗಿ ಮಾಡಿಸುವುದಾದಲ್ಲಿ

25 ಮಿ.ಮೀ. ಅಗಲ ಹಾಗೂ 3 ಮಿ.ಮೀ. ದಪ್ಪದ ಕಬ್ಬಿಣದ ಆಂಗಲ್ ಪ್ರತಿ ಮೀಟರಿಗೆ ಸುಮಾರು 1.1 ಕೆ.ಜಿ. ತೂಗುತ್ತದೆ. 10 ಮೀಟರ್ ಬಳಸಿದಲ್ಲಿ ಸ್ಟ್ಯಾಂಡಿನ ತೂಕ ಸುಮಾರು 11 ಕೆ.ಜಿ. ಆಗುತ್ತದೆ, ಒಬ್ಬರು ಹೊತ್ತೊಯ್ಯಲು ಇದು ಕಷ್ಟವಲ್ಲ. ಮಾಡಿಸುವಾಗ ಈ ಕೆಳಕಂಡ ಅಂಶಗಳನ್ನು ವೆಲ್ಡಿಂಗ್ ಕೆಲಸಗಾರರಿಗೆ ಮುಂಚಿತವಾಗಿಯೇ ತಿಳಿಸುವುದು.

- ಕಾಲುಗಳು ನೆಟ್ಟಗಿರದೆ ಹೊರಮುಖವಾಗಿ ಸ್ವಲ್ಪ ಚಾಚಿರಬೇಕು.
- ಕಾಲುಗಳ ನಡುವೆ ಅಡ್ಡಪಟ್ಟಿಗಳನ್ನು ಓರೆಯಾಗಿ ಹಾಕಿಸಬೇಕು. ಇಲ್ಲವಾದಲ್ಲಿ ಹಿಡಿಕೆ ಒತ್ತಿದಾಗಲೆಲ್ಲ ಸ್ಟ್ಯಾಂಡ್ ಅಲುಗುತ್ತದೆ.
- ನಾಲ್ಕು ಕಾಲುಗಳ ಪೈಕಿ ಕನಿಷ್ಠ ಒಂದಕ್ಕೆ ಎತ್ತರ ಹೊಂದಿಸುವ ತಿರುಪು ಇರಬೇಕು. ಕಟ್ಟಡ ನಿರ್ಮಾಣ ಸ್ಥಳದ ನೆಲ ಸಮತಟ್ಟಾಗಿರುವುದು ಅಪರೂಪ.
- ಕಾಲುಗಳ ತುದಿಗೆ ರಬ್ಬರ್ ಹಾಕಿಸಬೇಕು. ನೆಲಹಾಸು ಮುಗಿದ ಮನೆಯಲ್ಲಿ ಕಬ್ಬಿಣದ ಕಾಲು ಜಾರುತ್ತದೆ, ಟೈಲ್ಸ್ ಮೇಲೆ ಗೀರು ಬೀಳುತ್ತದೆ.
- ಮಡಿಸುವ ಕಾಲಿಗೆ ಕೊಂಡಿ ಅಥವಾ ಪಿನ್ ಇರಬೇಕು. ಕೇವಲ ಬಿಗಿತದ ಮೇಲೆ ನಿಲ್ಲುವ ಕಾಲು ಎಂದಾದರೊಂದು ದಿನ ಮಡಚಿಕೊಳ್ಳುತ್ತದೆ.
- ಅಂಚುಗಳನ್ನು ಉಜ್ಜಿಸಿ, ತುಕ್ಕುನಿರೋಧಕ ಬಣ್ಣ ಬಳಿಸಬೇಕು. ಕರಾವಳಿ ಮತ್ತು ಮಲೆನಾಡಿನ ತೇವಾಂಶದಲ್ಲಿ ಬಣ್ಣವಿಲ್ಲದ ವೆಲ್ಡಿಂಗ್ ಬೆಸುಗೆಗಳು ಬೇಗನೆ ತುಕ್ಕು ಹಿಡಿಯುತ್ತವೆ.

8. ಖರೀದಿಯ ಸಮಯದಲ್ಲಿ ಮಾಡಬೇಕಾದ ಪರೀಕ್ಷೆ

ಸ್ಟ್ಯಾಂಡನ್ನು ಪೆಟ್ಟಿಗೆಯಿಂದ ತೆಗೆಸಿ, ಪೂರ್ಣವಾಗಿ ಬಿಡಿಸಿ ನಿಲ್ಲಿಸುವಂತೆ ಮಾರಾಟಗಾರರನ್ನು ಕೋರುವುದು. ಎರಡೂ ಕೈಗಳಿಂದ ಮೇಲ್ಭಾಗವನ್ನು ಹಿಡಿದು ಹಿಂದೆ ಮುಂದೆ ಹಾಗೂ ಅಕ್ಕಪಕ್ಕಕ್ಕೆ ಅಲುಗಿಸಿ ನೋಡುವುದು. ತೋಳನ್ನು ಪೂರ್ತಿ ಎಳೆದು, ತುದಿಯ ಮೇಲೆ ಅಂಗೈಯಿಂದ ಒತ್ತಿದಾಗ ಕಣ್ಣಿಗೆ ಕಾಣುವಷ್ಟು ಬಾಗಿದಲ್ಲಿ ಅದು ಚೌಕಟ್ಟಿನ ಮರಕ್ಕೆ ಯೋಗ್ಯವಲ್ಲ. ಬಳಿಕ ಸ್ಟ್ಯಾಂಡನ್ನು ಮಡಿಸಿ, ಎತ್ತಿಕೊಂಡು ಹತ್ತು ಹೆಜ್ಜೆ ನಡೆದು ನೋಡುವುದು. ಪ್ರತಿದಿನ ಹೊರಬೇಕಾದವರಿಗೆ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಈ ಹತ್ತು ಹೆಜ್ಜೆಗಳೇ ಹೆಚ್ಚು ತಿಳಿಸುತ್ತವೆ.

9. ಕೆಲಸದ ಸ್ಥಳದಲ್ಲಿ ಪಾಲಿಸಬೇಕಾದ ಕ್ರಮಗಳು

ಉತ್ತಮವಾದ ಸ್ಟ್ಯಾಂಡ್ ಇದ್ದರೂ ಈ ಕೆಳಕಂಡ ಎಚ್ಚರಿಕೆಗಳನ್ನು ಕೈಬಿಡುವಂತಿಲ್ಲ.

- ಮರವನ್ನು ಹಿಂಬದಿಯ ಪಟ್ಟಿಗೆ ಒರಗಿಸಿ, ಕ್ಲ್ಯಾಂಪಿನಿಂದ ಬಿಗಿದ ನಂತರವೇ ಕೊಯ್ಯುವುದು. ಕೈಗಳು ಬ್ಲೇಡಿನಿಂದ ಕನಿಷ್ಠ 150 ಮಿ.ಮೀ. ದೂರದಲ್ಲಿರಬೇಕು. ಪಾದದಿಂದ ಮರವನ್ನು ಒತ್ತಿಹಿಡಿಯುವುದನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು.
- ಕೆಲಸಕ್ಕೆ ಅಡ್ಡಿಯೆಂದು ಬ್ಲೇಡಿನ ರಕ್ಷಾಕವಚವನ್ನು ಕಳಚುವುದಾಗಲಿ, ದಾರದಿಂದ ಮೇಲೆ ಕಟ್ಟುವುದಾಗಲಿ ಮಾಡಬಾರದು.
- ಒಂದೇ ಅಳತೆಯ ಹಲವು ತುಂಡುಗಳನ್ನು ಕೊಯ್ಯಲು ತೋಳಿನ ಮೇಲೆ ತಡೆಯನ್ನು ಬಳಸಿದಾಗ, ತಡೆಗೂ ಬ್ಲೇಡಿಗೂ ನಡುವಣ ತುಂಡನ್ನು ಬಿಗಿದಿರಬೇಕು. ಎರಡೂ ಬದಿಯಲ್ಲಿ ತಡೆಯಿಟ್ಟಲ್ಲಿ ಮರವು ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ.
- ಕೊಯ್ತ ಮುಗಿದ ಮೇಲೆ ಗುಂಡಿಯನ್ನು ಬಿಟ್ಟು, ಬ್ಲೇಡ್ ಪೂರ್ತಿ ನಿಂತ ನಂತರವೇ ಮೇಲೆತ್ತುವುದು ಹಾಗೂ ತುಂಡನ್ನು ತೆಗೆಯುವುದು.
- 1,800 ವ್ಯಾಟ್ ಸಾಮರ್ಥ್ಯದ ಯಂತ್ರವು 230 ವೋಲ್ಟ್‌ನಲ್ಲಿ ಸುಮಾರು 8 ಆಂಪಿಯರ್ ವಿದ್ಯುತ್ ಪಡೆಯುತ್ತದೆ. ಆದ್ದರಿಂದ 6 ಆಂಪಿಯರ್ ಸಾಕೆಟ್ ಬಳಸದೆ 16 ಆಂಪಿಯರ್ ಸಾಕೆಟ್ಟನ್ನೇ ಬಳಸುವುದು. ವೈರನ್ನು ಸ್ಟ್ಯಾಂಡಿನ ಹಿಂಗಾಲಿಗೆ ಒರಗಿಸಿ ಕಟ್ಟುವುದು. ಕಾಲಿಗೆ ತೊಡರುವಂತೆ ಬಿಡಬಾರದು.
- ಸ್ಟ್ಯಾಂಡನ್ನು ಸರಿಸುವ, ಮಡಿಸುವ ಅಥವಾ ಹೊಂದಿಸುವ ಮುನ್ನ ಪ್ಲಗ್ ತೆಗೆದಿರಬೇಕು.
- ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕ್ ಧರಿಸುವುದು. ಸಡಿಲವಾದ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ ಇವುಗಳನ್ನು ದೂರವಿಡುವುದು.

10. ಆರ್ಥಿಕ ನೆರವು ಮತ್ತು ಅರ್ಜಿ ಸಲ್ಲಿಸುವ ವಿಧಾನ

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯು 18 ಸಾಂಪ್ರದಾಯಿಕ ವೃತ್ತಿಗಳನ್ನು ಒಳಗೊಂಡಿದ್ದು, ಬಡಗಿ ವೃತ್ತಿಯೂ ಅದರಲ್ಲಿ ಸೇರಿದೆ. ಯೋಜನೆಯ ಪ್ರಮುಖ ಸೌಲಭ್ಯಗಳು ಈ ಕೆಳಕಂಡಂತಿವೆ.

- ಗುರುತಿನ ಚೀಟಿ ಹಾಗೂ ಪ್ರಮಾಣಪತ್ರ.
- 40 ಗಂಟೆಗಳ ಮೂಲ ತರಬೇತಿ. ತರಬೇತಿಯ ಅವಧಿಯಲ್ಲಿ ದಿನಕ್ಕೆ ರೂ. 500/- ಶಿಷ್ಯವೇತನ.
- ಉಪಕರಣಗಳಿಗಾಗಿ ರೂ. 15,000/- ವರೆಗಿನ ಇ-ವೋಚರ್.
- ಶೇ. 5ರ ಬಡ್ಡಿದರದಲ್ಲಿ, ಆಧಾರರಹಿತವಾಗಿ, ಮೊದಲ ಕಂತಿನಲ್ಲಿ ರೂ. 1 ಲಕ್ಷದವರೆಗೆ 18 ತಿಂಗಳ ಅವಧಿಯ ಸಾಲ ಹಾಗೂ ಎರಡನೆಯ ಕಂತಿನಲ್ಲಿ ರೂ. 2 ಲಕ್ಷದವರೆಗೆ 30 ತಿಂಗಳ ಅವಧಿಯ ಸಾಲ.

ಅರ್ಜಿದಾರರು 18 ವರ್ಷ ತುಂಬಿದವರಾಗಿರಬೇಕು ಹಾಗೂ ಸ್ವಯಂ ಉದ್ಯೋಗದ ಆಧಾರದ ಮೇಲೆ ಆ ವೃತ್ತಿಯಲ್ಲಿ ನಿರತರಾಗಿರಬೇಕು. ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳನ್ನು ಒಳಗೊಂಡ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಸೌಲಭ್ಯ ದೊರೆಯುತ್ತದೆ. ಸರ್ಕಾರಿ ನೌಕರರು ಹಾಗೂ ಅವರ ಕುಟುಂಬದವರು ಅರ್ಹರಲ್ಲ. ಆಧಾರ್, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಹಾಗೂ ಪಡಿತರ ಚೀಟಿಯೊಂದಿಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ನೋಂದಣಿಗೆ ಅರ್ಜಿದಾರರು ಯಾವುದೇ ಶುಲ್ಕ ನೀಡಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆ, ಜಿಲ್ಲಾ ಅನುಷ್ಠಾನ ಸಮಿತಿ ಹಾಗೂ ಪರಿಶೀಲನಾ ಸಮಿತಿ ಎಂಬ ಮೂರು ಹಂತಗಳಲ್ಲಿ ಅರ್ಜಿಯನ್ನು ಪರಿಶೀಲಿಸಲಾಗುತ್ತದೆ.

ಯಂತ್ರ ಮತ್ತು ಸ್ಟ್ಯಾಂಡ್ ಎರಡನ್ನೂ ಸಾಲದಿಂದ ಖರೀದಿಸುವವರು ದರಪಟ್ಟಿ ಪಡೆಯುವಾಗಲೇ ಸ್ಟ್ಯಾಂಡ್ ಹಾಗೂ ಕ್ಲ್ಯಾಂಪ್‌ಗಳ ಬೆಲೆಯನ್ನೂ ಸೇರಿಸಿಕೊಳ್ಳುವುದು ಸೂಕ್ತ. ಯಂತ್ರಕ್ಕೆ ಮಾತ್ರ ಸಾಲ ಪಡೆದು, ಸ್ಟ್ಯಾಂಡನ್ನು ಮುಂದೆ ನೋಡೋಣವೆಂದು ಬಿಟ್ಟಲ್ಲಿ ಅದು ಬಹುತೇಕ ಬರುವುದೇ ಇಲ್ಲ. ಮರುಪಾವತಿಯ ಅಂದಾಜಿಗಾಗಿ: ರೂ. 50,000/- ಸಾಲವನ್ನು ಶೇ. 5ರ ಬಡ್ಡಿಯಲ್ಲಿ 18 ಸಮಾನ ಕಂತುಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು ರೂ. 2,890/- ಆಗುತ್ತದೆ. ಗಾಯದಿಂದ ಕೆಲಸ ನಿಂತರೂ ಈ ಕಂತು ನಿಲ್ಲುವುದಿಲ್ಲ.

11. ವಿಮಾ ರಕ್ಷಣೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ 18 ರಿಂದ 70 ವರ್ಷ ವಯಸ್ಸಿನ ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆದಾರರು ನೋಂದಾಯಿಸಿಕೊಳ್ಳಬಹುದು. 2022ರ ಜೂನ್ 1ರಿಂದ ಇದರ ವಾರ್ಷಿಕ ಕಂತನ್ನು ರೂ. 20/-ಕ್ಕೆ ನಿಗದಿಪಡಿಸಲಾಗಿದೆ. ಅಪಘಾತದಿಂದ ಮರಣ ಅಥವಾ ಸಂಪೂರ್ಣ ಅಂಗವೈಕಲ್ಯ ಉಂಟಾದಲ್ಲಿ ರೂ. 2 ಲಕ್ಷ, ಒಂದು ಕಣ್ಣಿನ ದೃಷ್ಟಿ ಅಥವಾ ಒಂದು ಕೈ ಅಥವಾ ಒಂದು ಕಾಲಿನ ಉಪಯೋಗ ನಷ್ಟವಾದಲ್ಲಿ ರೂ. 1 ಲಕ್ಷ ಪರಿಹಾರಕ್ಕೆ ಅವಕಾಶವಿದೆ. ಕೇವಲ ಬೆರಳಿನ ನಷ್ಟವು ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಬಡಗಿ ಕುಶಲಕರ್ಮಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಉಳಿ ಹಿಡಿಯುವ ಕೈಗೆ ಹೆಬ್ಬೆರಳಿನ ಬೆಲೆ ಎಷ್ಟೆಂಬುದನ್ನು ಅವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ವಿಮೆಯು ಅಗತ್ಯವಾದರೂ ಅದು ಸುರಕ್ಷಿತ ವ್ಯವಸ್ಥೆಗೆ ಪರ್ಯಾಯವಲ್ಲ.

ಕಟ್ಟಡ ನಿರ್ಮಾಣ ಕಾಮಗಾರಿಗಳಲ್ಲಿ ದುಡಿಯುವ ಬಡಗಿಗಳು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಲ್ಲಿ ಮಂಡಳಿಯ ಸೌಲಭ್ಯಗಳಿಗೂ ಅರ್ಜಿ ಸಲ್ಲಿಸಬಹುದು. ಇದಕ್ಕೆ 18 ರಿಂದ 60 ವರ್ಷದೊಳಗಿನ ವಯಸ್ಸು ಹಾಗೂ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನಗಳ ನಿರ್ಮಾಣ ಕೆಲಸ ಅಗತ್ಯ.

12. ರಸೀದಿ ಹಾಗೂ ದೂರು

ಯಂತ್ರಕ್ಕೂ ಸ್ಟ್ಯಾಂಡಿಗೂ ಮಾದರಿ ಸಂಖ್ಯೆ ನಮೂದಿಸಿದ ಜಿ.ಎಸ್.ಟಿ. ರಸೀದಿಯನ್ನು ಹಾಗೂ ವಾರಂಟಿ ಪತ್ರವನ್ನು ಪಡೆದು ಜೋಪಾನವಾಗಿ ಇರಿಸಿಕೊಳ್ಳುವುದು. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂದು ಕೆಲವೊಮ್ಮೆ ಹೇಳಲಾಗುತ್ತದೆ. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವ ಸಲುವಾಗಿಯೇ ಖರೀದಿಸಿ ಬಳಸುವ ವಸ್ತುವು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿತವಾಗುವುದಿಲ್ಲ. ಆದ್ದರಿಂದ ದೋಷಪೂರಿತ ಸ್ಟ್ಯಾಂಡನ್ನು ಬದಲಿಸಿಕೊಡಲು ನಿರಾಕರಿಸಿದಲ್ಲಿ, ತನ್ನ ದುಡಿಮೆಗಾಗಿ ಅದನ್ನು ಕೊಂಡ ಬಡಗಿಯು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿನ ಕಾರಣ ಉಂಟಾದ 2 ವರ್ಷಗಳೊಳಗೆ ಸಲ್ಲಿಸಬೇಕು. ಪಾವತಿಸಿದ ಮೌಲ್ಯ ರೂ. 5 ಲಕ್ಷ ಮೀರದಿದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ದೂರು ನೀಡುವ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು.

13. ಸಾರಾಂಶ

ಸ್ಟ್ಯಾಂಡ್ ಆಯ್ಕೆಯಲ್ಲಿ ಬೆಲೆ ಮತ್ತು ಹೆಸರಿಗಿಂತ ಮೊದಲು ನೋಡಬೇಕಾದವು ನಾಲ್ಕು: ಆಸರೆಯು ಗರಗಸದ ಮೇಜಿಗೆ ಸಮಮಟ್ಟದಲ್ಲಿ ನಿಲ್ಲುತ್ತದೆಯೇ, ಅತಿ ಉದ್ದನೆಯ ಮರದ ಮಧ್ಯಬಿಂದುವಿನಾಚೆಗೆ ತೋಳು ಚಾಚುತ್ತದೆಯೇ, ಯಂತ್ರವು ನಾಲ್ಕು ಬೋಲ್ಟ್‌ಗಳಿಂದ ಬಿಗಿಯಾಗಿ ಕೂರುತ್ತದೆಯೇ, ಅದನ್ನು ಪ್ರತಿದಿನ ಹೊತ್ತೊಯ್ಯಲು ಸಾಧ್ಯವೇ. ಈ ನಾಲ್ಕಕ್ಕೂ ಹೌದೆಂಬ ಉತ್ತರ ದೊರೆತಲ್ಲಿ, ಅದು ಕಾರ್ಖಾನೆಯದಾಗಿರಲಿ, ಊರಿನ ವೆಲ್ಡಿಂಗ್ ಅಂಗಡಿಯದಾಗಿರಲಿ, ಉಪಯೋಗಕ್ಕೆ ಯೋಗ್ಯವಾದುದು.

ಯೋಜನೆಗಳ ಅರ್ಹತೆ ಹಾಗೂ ಅರ್ಜಿಯ ಸ್ಥಿತಿಗತಿಯ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಅಥವಾ ಸಮೀಪದ ಸಾಮಾನ್ಯ ಸೇವಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.